ಸುಖಾಗಮನ ಬಯಸುವವರು

ಫೆಬ್ರವರಿ 4, 2025, ಮಂಗಳವಾರ
ಗಿರಾವೀನ್, ಸಿಡ್ನಿ

ಹದಿನಾರು ವರ್ಷ ದುಡಿಸಿಕೊಂಡ ಇನ್ಶೂರೆನ್ಸ್ ಕಂಪನಿ ಡಿಸೆಂಬರಿನಲ್ಲಿ ಈ ಡೈರಿ ಕೊಟ್ಟಿತು, ಜನವರಿಯಲ್ಲಿ ನನ್ನನ್ನು ಮನೆಗೆ ಕಳಿಸಿತು. ಎಸೆಯೋಣವೆಂದುಕೊಂಡೆ. ಆದರೆ ಕಾಗದ ದಪ್ಪ, ನುಣುಪು, ಧಾರವಾಡದ ಹುಡುಗಿಗೆ ಇಂಥದ್ದನ್ನು ಎಸೆಯಲು ಕೈ ಬರುವುದಿಲ್ಲ. ಹುಡುಗಿ ಏನು ಬಂತು, ಐವತ್ತನಾಲ್ಕು ತುಂಬಿತು.

ಒಂದು ತಿಂಗಳು ಮನೆಯ ಕಪಾಟುಗಳನ್ನೆಲ್ಲ ಒರೆಸಿ ಮುಗಿಸಿದ ಮೇಲೆ ಇವತ್ತು ಒಂದು ಕೆಲಸ ಬಂತು. ಅನುವಾದಕರ ಏಜೆನ್ಸಿಯಲ್ಲಿ ಎಂದೋ ಹೆಸರು ಬರೆಸಿಟ್ಟಿದ್ದೆ. ಮಾಸ್ಮನ್‌ನಲ್ಲಿ ಒಬ್ಬ ಫ್ರೆಂಚ್ ಮುದುಕರಿದ್ದಾರಂತೆ, ಗಿಲ್ಬೇರ್ ಮೊರ್ವೋ ಎಂದು ಹೆಸರು, ಎಂಬತ್ತೇಳು ವರ್ಷ. ಒಂದು ಕಾಲಕ್ಕೆ ಫ್ರಾನ್ಸಿನಲ್ಲಿ ನೂರಾನಲವತ್ತು ಸಿನಿಮಾ ಪರದೆಗಳ ಒಡೆಯ, ಹಂಚಿಕೆದಾರ, ನಿರ್ಮಾಪಕ. ಮೂರನೆಯ ಹೆಂಡತಿ ಇಲ್ಲಿಯವಳು. ಅವಳ ಹಿಂದೆ ಬಂದವರು ಅವಳು ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದಾರೆ. ಹೋದ ವರ್ಷ ಸ್ಟ್ರೋಕ್ ಆಗಿ ಇಂಗ್ಲಿಷ್ ಪೂರ್ತಿ ಹಾರಿಹೋಯಿತು, ಫ್ರೆಂಚ್ ಮಾತ್ರ ಉಳಿಯಿತು. ಮೆಲ್ಬರ್ನಿನಲ್ಲಿರುವ ಮಗಳು ಕ್ಲೇರ್‌ಗೆ ಅಪ್ಪನ ಜೀವನ ಇಂಗ್ಲಿಷಿನಲ್ಲಿ ಪುಸ್ತಕವಾಗಬೇಕು, ಮೊಮ್ಮಕ್ಕಳು ಓದಬೇಕು. ಅವರು ಹೇಳುವುದು, ನಾನು ಬರೆಯುವುದು, ವಾರಕ್ಕೆ ಎರಡು ದಿನ. ಪುಸ್ತಕದಲ್ಲಿ ನನ್ನ ಹೆಸರು ಎಲ್ಲಿಯೂ ಇರುವುದಿಲ್ಲ ಎಂದು ಕರಾರಿನಲ್ಲೇ ಬರೆದಿದೆ. ಇರದಿದ್ದರೆ ಇಲ್ಲ, ಹೆಸರು ಕಟ್ಟಿಕೊಂಡು ಏನು ಮಾಡುವುದಿದೆ.

ವೀರೇಂದ್ರ ಚಹಾ ಕುಡಿಯುತ್ತ, ಧಾರವಾಡದಲ್ಲಿ ಕಲಿತ ಫ್ರೆಂಚ್ ಮೂವತ್ತು ವರ್ಷದ ಮೇಲಾದರೂ ಕೆಲಸಕ್ಕೆ ಬಂತಲ್ಲ ಎಂದರು. ಗಂಡನಾದವನು ಹೊಗಳಿದನೋ ಆಡಿಕೊಂಡನೋ ಗೊತ್ತಾಗಬಾರದು, ಅದು ಇವರ ಪದ್ಧತಿ.

ಫೆಬ್ರವರಿ 11, ಮಂಗಳವಾರ

ತೂಂಗಾಬಿಯಿಂದ ರೈಲು, ಸರ್ಕ್ಯುಲರ್ ಕೀಯಿಂದ ಫೆರಿ ದೋಣಿ, ಆಮೇಲೆ ಗುಡ್ಡ ಹತ್ತಿದರೆ ಅವರ ಮನೆ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಮನೆ ದೊಡ್ಡದು, ಕಿಟಕಿಯ ತುಂಬ ನೀರು. ಮುದುಕರು ಮಾತ್ರ ಕಿಟಕಿಗೆ ಬೆನ್ನು ಮಾಡಿ ಕೂತಿರುತ್ತಾರೆ.

ಬಾಯಿ ಬಿಟ್ಟ ಕೂಡಲೇ ನನ್ನ ಫ್ರೆಂಚ್ ಕೇಳಿ ನಕ್ಕರು. ನಿಮ್ಮದು ನನ್ನ ಶಾಲಾ ಮಾಸ್ತರರ ಭಾಷೆ, ಈಗ ಯಾರೂ ಹೀಗೆ ಮಾತಾಡುವುದಿಲ್ಲ ಎಂದರು. ನನಗೆ ಕಲಿಸಿದವರು ಪಾಂಡಿಚೇರಿಯ ಒಬ್ಬ ಕನ್ನಡಕದ ಅಮ್ಮ, ಅವರು ಕಲಿತದ್ದು ಕ್ರೈಸ್ತ ಸಂನ್ಯಾಸಿನಿಯರ ಬಳಿ, ಭಾಷೆ ಹೇಗಿದ್ದೀತು ಎಂದು ನಾನೂ ಹೇಳಿದೆ. ಅದಕ್ಕೂ ನಕ್ಕರು. ಸಿಟ್ಟು ಬಂತು, ಆದರೆ ನುಂಗಿಕೊಂಡೆ. ಮೊದಲ ದಿನವೇ ಜಗಳ ಬೇಡ.

ಸಿನಿಮಾದಲ್ಲೇ ನಲವತ್ತೈದು ವರ್ಷ ಕಳೆದವರು ಒಂದು ಸಿನಿಮಾವನ್ನೂ ಪೂರ್ತಿ ನೋಡಿಲ್ಲವಂತೆ! ಪಕ್ಕದ ಬಾಗಿಲಲ್ಲಿ ನಿಂತು ಜನರ ಮುಖ ನೋಡುತ್ತಿದ್ದರಂತೆ. ಮುಖ ನೋಡಿದರೆ ಎಷ್ಟು ವಾರ ಓಡುತ್ತದೆ ಎಂದು ಹೇಳಬಲ್ಲೆ, ಪರದೆ ನೋಡಿ ಏನು ತಿಳಿಯುತ್ತದೆ ಎಂದು ಕೇಳಿದರು. ಮಾತನಾಡುವಾಗ ನನ್ನ ಮುಖವನ್ನೂ ಹಾಗೆಯೇ ನೋಡುತ್ತಿದ್ದರು. ಮುಂದಿನ ಸಲದಿಂದ ನೋಟ್‌ಬುಕ್ ಕಡೆ ಮುಖ ಮಾಡಿ ಕೂರುತ್ತೇನೆ.

ಫೆಬ್ರವರಿ 20, ಗುರುವಾರ

ಇವತ್ತು ಚಲೋ ಹೇಳಿದರು.

ಲಿಯೋಂ ಊರಿನಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಇವರ ಕೆಲಸ ಸ್ಕೂಟರ್ ಮೇಲೆ ಸಿನಿಮಾ ರೀಲು ಸಾಗಿಸುವುದು. ಎರಡು ಥಿಯೇಟರಿಗೆ ಸೇರಿ ಒಂದೇ ಪ್ರಿಂಟು. ಒಂದರಲ್ಲಿ ಆಟ ನಲವತ್ತು ನಿಮಿಷ ಮೊದಲು ಶುರು. ಅಲ್ಲಿ ಮುಗಿದ ರೀಲು ಇಲ್ಲಿಗೆ ಬರಬೇಕು. ಟ್ರಾಫಿಕ್ಕಿನಲ್ಲಿ ತಡವಾದರೆ ಇಲ್ಲಿ ದೀಪ ಹತ್ತುತ್ತದೆ, ಜನ ಸಿಳ್ಳೆ ಹೊಡೆಯುತ್ತಾರೆ. ಒಂದು ದಿನ ತಡವಾಗಿ ಬಂದು ನೋಡುತ್ತಾರೆ, ಜನ ಎದ್ದು ಹೊರಗೆ ಬಂದು ಬಾದಾಮಿ ಮಿಠಾಯಿ ಖಾಲಿ ಮಾಡಿಬಿಟ್ಟಿದ್ದಾರೆ! ಕಾಯುವ ಮನುಷ್ಯ ಏನನ್ನಾದರೂ ಕೊಳ್ಳುತ್ತಾನೆ ಎಂದು ಅವತ್ತು ತಿಳಿಯಿತಂತೆ. ಮರುವಾರದಿಂದ ಮಿಠಾಯಿ ಅಂಗಡಿ ಇವರ ತಮ್ಮ ಲ್ಯೂಸ್ಯಾಂನ ಹೆಸರಿನಲ್ಲಿ, ರೀಲು ಇವರ ಕೈಯಲ್ಲಿ. ಬೇಕೆಂದೇ ನಾಲ್ಕು ನಿಮಿಷ ತಡ ಮಾಡುತ್ತಿದ್ದೆ ಎಂದು ಹೇಳಿ ಕಣ್ಣು ಹೊಡೆದರು.

ಹುಬ್ಬಳ್ಳಿಯಲ್ಲೂ ಹೀಗೇ ಇತ್ತು ಎಂದೆ. ಅಲ್ಲಿ ಸೈಕಲ್. ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಾಗ ಮಧ್ಯದಲ್ಲಿ ದೀಪ ಹತ್ತಿತೆಂದರೆ ರೀಲಿನ ಸೈಕಲ್ ಇನ್ನೂ ಬಂದಿಲ್ಲ ಎಂದರ್ಥ. ತಂಗಿ ಜಲಜಾ ನನ್ನ ತೊಡೆಯ ಮೇಲೆ ನಿದ್ದೆ ಹೋಗಿರುತ್ತಿದ್ದಳು. ರೀಲು ಬಂದ ಮೇಲೆ ಎಬ್ಬಿಸುತ್ತಿದ್ದೆ. ಎಬ್ಬಿಸದಿದ್ದರೆ ಮನೆ ಮುಟ್ಟುವವರೆಗೂ ಅಳು.

ಜಲಜಾಳ ಹೆಸರು ಈ ಡೈರಿಯಲ್ಲಿ ಬರಬಾರದೆಂದಿದ್ದೆ, ಬಂದೇ ಬಿಟ್ಟಿತು. ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಒಬ್ಬಳೇ ಇದ್ದಾಳೆ, ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ. ಗಂಡನನ್ನು ಬಿಟ್ಟು ಒಂಬತ್ತು ವರ್ಷವಾಯಿತು, ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷ ಎರಡು ತಿಂಗಳು. ಕಾರಣ ಕೇಳಿದರೆ ಯಾರಾದರೂ ನಕ್ಕಾರು. ಮಗ ಸಂಕೇತನ ಲಗ್ನಪತ್ರಿಕೆಯಲ್ಲಿ, ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಮನೆಯವರ ಹೆಸರು ಬರುತ್ತದಲ್ಲ, ಆ ಪಟ್ಟಿಯಲ್ಲಿ ಅವಳ ಹೆಸರು ಬಿಟ್ಟುಹೋಯಿತು. ಧಾರವಾಡದ ಪ್ರೆಸ್ಸಿನ ಸಿದ್ದಣ್ಣನ ತಪ್ಪು. ಇಪ್ಪತ್ತೇಳು ಹೆಸರಿನಲ್ಲಿ ಒಂದು ಬಿಡುವುದು ದೊಡ್ಡ ಮಾತಲ್ಲ. ಇವಳು ಹುಬ್ಬಳ್ಳಿಗೆ ಮದುವೆಗೆ ಬಂದಳು, ಬೀಗರ ಹಾಗೆ ಮೊದಲ ಪಂಕ್ತಿಯಲ್ಲೇ ಕೂತು ಉಂಡಳು, ಸಂಜೆಗೆ ಹೊರಟಳು. ಮನೆಯವರು ಎಲ್ಲರದೂ ಆದ ಮೇಲೆ ಕೊನೆಗೆ ಉಣ್ಣಬೇಕು ಎಂದು ಅವಳಿಗೆ ಯಾರು ಹೇಳಿಕೊಡಬೇಕಿತ್ತು? ಅಷ್ಟು ಅವಸರ.

ಮಾರ್ಚ್ 6, ಗುರುವಾರ

ಎರಡು ವಾರದಲ್ಲಿ ನಲವತ್ತು ಪುಟ ಆಯಿತು. ಟಿವಿ ಬಂದು ಸಣ್ಣ ಊರಿನ ಥಿಯೇಟರುಗಳೆಲ್ಲ ಬಾಗಿಲು ಹಾಕುವಾಗ ಇವರು ಒಂದೊಂದಾಗಿ ಕೊಂಡರು. ಸಾವಿರ ಕುರ್ಚಿಯ ಹಾಲಿನಲ್ಲಿ ಗೋಡೆ ಎಬ್ಬಿಸಿ ಮೂರು ಮಾಡಿದರು. ಒಂದರಲ್ಲಿ ಅಳುವ ಸಿನಿಮಾ, ಒಂದರಲ್ಲಿ ನಗುವುದು, ಒಂದರಲ್ಲಿ ಬಂದೂಕು. ಗಂಡ, ಹೆಂಡತಿ, ಮಗ ಮೂರೂ ಕಡೆ ಹೋಗಿ ಹೊರಗೆ ಒಟ್ಟಿಗೆ ಸೇರಬಹುದು ಎಂಬ ಉಪಾಯ. ಆಮೇಲೆ ಡಬ್ಬಿಂಗ್ ಸ್ಟುಡಿಯೋ, ಹಂಚಿಕೆ ಕಂಪನಿ, ತೊಂಬತ್ತು ಸಿನಿಮಾಗಳ ನಿರ್ಮಾಣ. ಎಲ್ಲವನ್ನೂ 2003ರಲ್ಲಿ ಮಾರಿದರು.

ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿದರೆ ಇಣುಕುತ್ತಾರೆ. ಇವತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ಟೆ. ಕೆಮ್ಮಿ, ಕಣ್ಣೀರು ಒರೆಸಿಕೊಂಡು ಇನ್ನೊಂದು ಕೇಳಿದರು. ಹೆಸರು ಮಹಾಶ್ವೇತಾ ಎಂದು ಎಷ್ಟು ಸಲ ಹೇಳಿದರೂ ‘ಮದಾಂ ಮಹಾ’ ಅನ್ನುತ್ತಾರೆ. ಅನ್ನಲಿ ಬಿಡು.

ಮಾರ್ಚ್ 18, ಮಂಗಳವಾರ

ಇವತ್ತು ತಮ್ಮನ ವಿಷಯ ಬಂತು.

ಇವರನ್ನು ನಿಜವಾದ ಶ್ರೀಮಂತರನ್ನಾಗಿ ಮಾಡಿದ್ದು 1971ರ ಒಂದು ಸಿನಿಮಾ, ಒಂದು ಹಳ್ಳಿಯ ಅಂಚೆಯವನ ಕಥೆ. ಕಥೆ ಹುಡುಕಿದ್ದು, ನಿರ್ದೇಶಕನನ್ನು ಒಪ್ಪಿಸಿದ್ದು, ಚಳಿಯಲ್ಲಿ ನಾಲ್ಕು ತಿಂಗಳು ಚಿತ್ರೀಕರಣದ ಜೊತೆ ನಿಂತದ್ದು ಎಲ್ಲ ಲ್ಯೂಸ್ಯಾಂ. ಗಿಲ್ಬೇರ್ ಪ್ಯಾರಿಸ್ಸಿನಲ್ಲಿ ಕೂತು ಥಿಯೇಟರ್ ಹೊಂದಿಸಿದರು. ಪರದೆಯ ಮೇಲೆ ‘ನಿರ್ಮಾಣ: ಗಿಲ್ಬೇರ್ ಮತ್ತು ಲ್ಯೂಸ್ಯಾಂ ಮೊರ್ವೋ’ ಎಂದು ಬರಬೇಕಿತ್ತು. ಬಂದದ್ದು ‘ಗಿಲ್ಬೇರ್ ಮೊರ್ವೋ’ ಮಾತ್ರ. ಕೇಳಿದರೆ ಫಿಲ್ಮ್ ತೊಳೆಯುವ ಲ್ಯಾಬಿನವರ ತಪ್ಪು, ಪ್ರೀಮಿಯರ್‌ಗೆ ಎರಡು ದಿನ ಇತ್ತು, ತಿದ್ದಲು ಸಮಯವಿರಲಿಲ್ಲ ಎನ್ನುತ್ತಾರೆ. ತಮ್ಮ ಅಷ್ಟಕ್ಕೇ ಮುನಿಸಿಕೊಂಡು ಕಂಪನಿ ಬಿಟ್ಟುಹೋದನಂತೆ.

ಎಂಥ ಬುದ್ಧಿವಂತ ಲ್ಯಾಬು ಅದು! ಎರಡು ಹೆಸರಿನಲ್ಲಿ ಸರಿಯಾಗಿ ಒಂದನ್ನೇ ಹುಡುಕಿ ಬಿಟ್ಟಿದೆ, ಅದೂ ಕಿರಿಯವನದು. ನೂರಾನಲವತ್ತು ಪರದೆ ಕಟ್ಟಿದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಸುಳ್ಳು ಹೊಳೆಯಲಿಲ್ಲವೇ? ಬರೆದುಕೊಂಡೆ. ನನ್ನ ಕೆಲಸ ಬರೆಯುವುದು. ಆದರೆ ಫೆರಿಯಲ್ಲಿ ಬರುವಾಗ ಯಾಕೋ ಮೈ ಉರಿಯುತ್ತಿತ್ತು. ಒಡಹುಟ್ಟಿದವರ ಹತ್ತಿರವೂ ಹೀಗೆ ಮಾಡುತ್ತಾರಲ್ಲ ಜನ.

ಮಾರ್ಚ್ 30, ಭಾನುವಾರ, ಯುಗಾದಿ

ಕೆಲ್ಲಿವಿಲ್‌ನಿಂದ ಸಂಕೇತ, ಸೊಸೆ ಪ್ರಣತಿ ಬೆಳಿಗ್ಗೆಯೇ ಬಂದರು. ಬೇವು ಬೆಲ್ಲ, ಹೋಳಿಗೆ ಆಯಿತು. ಸಂಜೆ ಕನ್ನಡ ಸಂಘದ ಕಾರ್ಯಕ್ರಮ. ಅಲ್ಲಿ ನಮ್ಮ ಬೀದಿಯ ನಿವೇದಿತಾ ಓಡಿ ಬಂದು, ಜಲಜಾ ಆಂಟಿ ಕ್ರಾನ್‌ಬರ್ನ್‌ನಲ್ಲಿ ಸ್ವಂತ ಮನೆ ಕೊಂಡರಂತೆ, ಮೇ ಹದಿನೇಳಕ್ಕೆ ಗೃಹಪ್ರವೇಶವಂತೆ, ನಿಮಗೆ ಎಷ್ಟು ಖುಷಿಯಾಗಿರಬೇಕು ಎಂದಳು. ಹೌದು ಹೌದು ಎಂದೆ. ನನಗೆ ಗೊತ್ತೇ ಇರಲಿಲ್ಲ.

ಸಂಕೇತನಿಗೆ ಗೊತ್ತಿತ್ತು. ಪ್ರತಿ ಭಾನುವಾರ ಅವಳಿಗೆ ಫೋನ್ ಮಾಡುತ್ತಾನಂತೆ. ಕಾರಿನಲ್ಲಿ ಬಯ್ದೆ. ಅವನು ಸ್ಟಿಯರಿಂಗ್ ಹಿಡಿದುಕೊಂಡು, “ಅಮ್ಮಾ, ಇಟ್ಸ್ ಒನ್ ಫೋನ್ ಕಾಲ್. ಮಾಡಿಬಿಡು” ಎಂದ. ಮಾತು ಸಲೀಸು. ಮುನಿಸಿಕೊಂಡವಳು ಅವಳು, ಫೋನ್ ಮಾಡಬೇಕಾದವಳು ನಾನೇ?

ನಾವು 2001ರಲ್ಲಿ ಇಲ್ಲಿಗೆ ಬಂದಾಗ ಇಲ್ಲೇ ನೆಲೆಸಲು ಪಿಆರ್ ಇತ್ತು, ಕೆಲಸ ಇರಲಿಲ್ಲ. ಏಳು ವರ್ಷದ ಸಂಕೇತನನ್ನು ಧಾರವಾಡದಲ್ಲಿ ಜಲಜಾಳ ಹತ್ತಿರ ಹದಿನಾಲ್ಕು ತಿಂಗಳು ಬಿಟ್ಟಿದ್ದೆ. ಅವಳಿಗೆ ಇಪ್ಪತ್ತನಾಲ್ಕು. ಅವನಿಗೆ ಟೈಫಾಯ್ಡ್ ಆದದ್ದು ನನಗೆ ವಾಸಿಯಾದ ಮೇಲೆ ತಿಳಿಯಿತು, ಅಕ್ಕ ಹೆದರುತ್ತಾಳೆ ಎಂದು ಹೇಳಿರಲಿಲ್ಲ. ಈಗ ಯಾಕೆ ನೆನಪಾಯಿತೋ.

ಏಪ್ರಿಲ್ 8, ಮಂಗಳವಾರ

ಮುದುಕರು ತಾವಾಗಿಯೇ ತಮ್ಮನ ವಿಷಯದ ಪುಟ ಮತ್ತೆ ತೆರೆಸಿದರು. ಲ್ಯಾಬಿನ ತಪ್ಪು ಎಂಬುದು ಪೂರ್ತಿ ಸರಿಯಲ್ಲವಂತೆ. ಒಬ್ಬ ದೊಡ್ಡ ಹಂಚಿಕೆದಾರ ಹಟ ಹಿಡಿದಿದ್ದನಂತೆ: ಪೋಸ್ಟರ್ ಮೇಲೆ ಒಂದೇ ಹೆಸರು ಇರಲಿ, ಎರಡು ಹೆಸರಿದ್ದರೆ ಅಂಗಡಿಯ ಬೋರ್ಡಿನ ಹಾಗೆ ಕಾಣುತ್ತದೆ ಎಂದು. ಇವರು ‘ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ’ ಎಂದರಂತೆ. ಅಷ್ಟೇ ಅಂದದ್ದು ಎಂದು ಎರಡು ಸಲ ಹೇಳಿದರು. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ, ಮೊದಲ ಸಲ ಕಿಟಕಿಯ ಕಡೆ ತಿರುಗಿದ್ದರು.

ನನ್ನ ವಿಷಯ ಬೇರೆ, ಆದರೂ ಬರೆದಿಡುತ್ತೇನೆ. ಸಿದ್ದಣ್ಣ ವಾಟ್ಸಾಪಿನಲ್ಲಿ ಕಳಿಸಿದ ಮೊದಲ ಪ್ರೂಫಿನಲ್ಲಿ ಅವಳ ಹೆಸರು ಇತ್ತು. ಎಲ್ಲರದೂ ಜೋಡಿ ಜೋಡಿ ಹೆಸರು, ಶ್ರೀಮತಿ ಮತ್ತು ಶ್ರೀ. ಅವಳದು ಒಂಟಿ. ಅದನ್ನು ನೋಡಿ ಪ್ರಣತಿಯ ಅಜ್ಜ ಮೈಸೂರಿನಿಂದ ಫೋನ್ ಮಾಡಿ, ಇವರು ಯಾರು, ಯಜಮಾನರ ಹೆಸರು ಬಿಟ್ಟುಹೋಗಿದೆಯಲ್ಲ ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನಾನು ಸಿದ್ದಣ್ಣನಿಗೆ ಅನುಕೂಲ ನೋಡಿ ಮಾಡು ಎಂದೆ. ಹಾಗೆಂದರೆ ತೆಗಿ ಎಂದಾಗುವುದಿಲ್ಲ.

ಏಪ್ರಿಲ್ 10, ಗುರುವಾರ

ಮುದುಕರಿಗೆ ಜ್ವರ. ಕೆಲಸ ಆಗಲಿಲ್ಲ. ನರ್ಸ್ ವಾಪಸ್ ಕಳಿಸಿದಳು. ರೊಟ್ಟಿ ಅವಳ ಕೈಗೆ ಕೊಟ್ಟು ಬಂದೆ.

ಏಪ್ರಿಲ್ 24, ಗುರುವಾರ

ಎರಡು ವಾರದಲ್ಲಿ ಇಳಿದುಹೋಗಿದ್ದಾರೆ. ಶಾಲು ಹೊದ್ದು ಕೂತಿದ್ದರು. ನಾನು ನೋಟ್‌ಬುಕ್ ತೆಗೆದರೆ ಮುಚ್ಚಿ ಎಂದು ಕೈ ಮಾಡಿದರು.

ಆ ಕಾಲದಲ್ಲಿ ಸಿನಿಮಾದ ಹೆಸರುಗಳನ್ನು ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಿದ್ದರಂತೆ, ಆಮೇಲೆ ಅದನ್ನು ಚಿತ್ರೀಕರಿಸುವುದು. ಪ್ಯಾರಿಸ್ಸಿನ ಒಂದು ಮಹಡಿಯ ಮೇಲೆ ಆ ಸ್ಟುಡಿಯೋ. ಯಾವ ಹಂಚಿಕೆದಾರನೂ ಏನೂ ಕೇಳಿರಲಿಲ್ಲ. ಇವರೇ ಮೆಟ್ಟಿಲು ಹತ್ತಿ ಹೋದರು. ಗಾಜಿನ ಮೇಲೆ ಎರಡು ಹೆಸರು ಬರೆದು ಒಣಗಲು ಇಟ್ಟಿದ್ದರು. ಒಂದನ್ನು ಒರೆಸಿ ಎಂದರು. ಬರೆಯುವವನು ಮುದುಕ, ಇವರನ್ನು ಒಂದು ಸಲ ನೋಡಿ, ಬಟ್ಟೆಗೆ ಟರ್ಪೆಂಟೈನ್ ಹಚ್ಚಿ ಒರೆಸಿದ. ಆ ವಾಸನೆ ಇನ್ನೂ ಮೂಗಿನಲ್ಲಿದೆಯಂತೆ.

ಯಾಕೆ ಎಂದು ಕೇಳಿದೆ. ಒಬ್ಬನ ಹೆಸರು ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ, ಬೇರೆ ಕಾರಣವಿಲ್ಲ ಎಂದರು.

ಪ್ರೀಮಿಯರ್ ದಿನ ಲ್ಯೂಸ್ಯಾಂ ಮೂರನೆಯ ಸಾಲಿನಲ್ಲಿದ್ದ, ಅಮ್ಮನ ಪಕ್ಕ. ಇವರು ಎಂದಿನಂತೆ ಪಕ್ಕದ ಬಾಗಿಲಲ್ಲಿ ನಿಂತಿದ್ದರು. ಆದರೆ ಹೆಸರುಗಳು ಬರುವಾಗ ಜನರ ಮುಖ ನೋಡಲಿಲ್ಲ. ಜೀವನದಲ್ಲಿ ಮೊದಲ ಸಲ ಪರದೆ ನೋಡಿದರಂತೆ, ಹೆಸರುಗಳು ಮುಗಿಯುವವರೆಗೂ. ಲ್ಯೂಸ್ಯಾಂ ಕಂಪನಿ ಬಿಟ್ಟ. ದಕ್ಷಿಣದ ಒಂದು ಸಣ್ಣ ಊರಿಗೆ ಹೋಗಿ ಒಂದೇ ಒಂದು ಥಿಯೇಟರ್ ನಡೆಸಿದ. ಅಣ್ಣ ತಮ್ಮ ನಲವತ್ತೆರಡು ವರ್ಷ ಮಾತಾಡಲಿಲ್ಲ. 2013ರಲ್ಲಿ ತೀರಿಕೊಂಡ.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಿತ್ತು.

ಮದುವೆಯ ದಿನ ಜಲಜಾಳನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದ್ದು ನಾನೇ. ಅವಳು ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಂತಿದ್ದಳು, ಕೈಯಲ್ಲಿ ಕೋಸಂಬರಿ ಪಾತ್ರೆ. ನಿನಗೆ ಫ್ಲೈಟ್ ಇದೆಯಲ್ಲ, ಮೊದಲೇ ಉಂಡುಬಿಡು ಎಂದು ಪಾತ್ರೆ ಇಸಿದುಕೊಂಡೆ. ಫ್ಲೈಟ್ ಮರುದಿನ ಇತ್ತು, ನನಗೆ ಗೊತ್ತಿತ್ತು. ಬೀಗರು ಇವರು ಯಾರು ಎಂದು ಕೇಳುತ್ತಾರಲ್ಲ ಎಂಬ ಭಯ. ಉಣ್ಣುವಾಗ ಅವಳ ಕಡೆ ನೋಡಲಿಲ್ಲ.

ಏಪ್ರಿಲ್ 30, ಬುಧವಾರ, ಬಸವ ಜಯಂತಿ

ಗೃಹಪ್ರವೇಶದ ಕಾರ್ಡು ಸಿಡ್ನಿಯಲ್ಲಿ ಎಲ್ಲರಿಗೂ ಬಂದಿದೆ. ನಿವೇದಿತಾಗೆ ಬಂದಿದೆ. ಜಲಜಾಳನ್ನು ಒಂದೇ ಸಲ ನೋಡಿದ ಯತೀಶ್‌ಗೆ ಬಂದಿದೆ. ನನಗೆ ಇಲ್ಲ, ವೀರೇಂದ್ರರಿಗೆ ಇಲ್ಲ. ಪೂಜೆಯಲ್ಲಿ ನಾಲ್ಕು ಜನ, ನೀವು ಯಾವತ್ತು ಮೆಲ್ಬರ್ನಿಗೆ ಹೊರಡುತ್ತೀರಿ ಎಂದು ಕೇಳಿದರು. ಪ್ರಸಾದ ತೆಗೆದುಕೊಳ್ಳದೆ ಬಂದೆ.

ನಿವೇದಿತಾ ಕಾರ್ಡನ್ನು ನನಗೆ ಫಾರ್ವರ್ಡ್ ಮಾಡಿದ್ದಾಳೆ. ತೆಗೆಯುವುದಿಲ್ಲ. ಬೇರೆಯವರ ಆಮಂತ್ರಣ ನಾನು ಯಾಕೆ ಓದಲಿ?

ಮೇ 4, ಭಾನುವಾರ

ವೀರೇಂದ್ರ ಮೂರನೆಯ ಸಲ ಕೇಳಿದರು, ಕಾರ್ಡ್ ನೋಡಿದೆಯಾ ಎಂದು. ನೀವು ನೋಡಿದ್ದರೆ ನೀವೇ ಹೇಳಿ ಎಂದೆ. “ನಾ ಯಾಕ ಹೇಳ್ಲಿ? ನೀನ ತಗದು ನೋಡು” ಎಂದು ಗಿಡಕ್ಕೆ ನೀರು ಹಾಕಲು ಹೋದರು.

ತೆಗೆಯಲಿಲ್ಲ. ಕಾರ್ಡ್ ಬರದಿದ್ದದ್ದು ನನಗೆ ತಕ್ಕದ್ದೇ ಎಂದು ಅನ್ನಿಸುತ್ತಿದೆ. ಅನುಕೂಲ ನೋಡಿ ಮಾಡು ಎಂದೆನೆಂದು ಹೋದ ತಿಂಗಳು ಬರೆದಿದ್ದೇನೆ. ಹಾಗಲ್ಲ. ಪ್ರೂಫಿನ ಮೇಲೆ ಆ ಹೆಸರಿಗೆ ಕೆಂಪು ಗೀಟು ಎಳೆದು ಫೋಟೋ ತೆಗೆದು ಸಿದ್ದಣ್ಣನಿಗೆ ಕಳಿಸಿದ್ದೆ. ಆಮೇಲೆ ಜಲಜಾಳಿಗೆ ಫೋನ್ ಮಾಡಿ, ಆ ಸಿದ್ದಣ್ಣ ಎಂಥ ಕೆಲಸ ಮಾಡಿದ ನೋಡು ಎಂದೆ. ಅವಳು, ಇರಲಿ ಬಿಡಕ್ಕ ಎಂದಳು.

ಮೇ 15, ಗುರುವಾರ
ಮೆಲ್ಬರ್ನ್

ಪುಸ್ತಕ ಮುಗಿಯಿತು. ಮುದುಕರು ವಾರದ ಹಿಂದೆಯೇ ನರ್ಸ್ ಜೊತೆ ಮಗಳ ಮನೆಗೆ ಬಂದಿದ್ದಾರೆ. ಇನ್ನು ಮಾಸ್ಮನ್ ಮನೆಗೆ ಹೋಗುವುದಿಲ್ಲ. ಕೊನೆಯ ಓದಿಗೆ ಕ್ಲೇರ್ ನನ್ನನ್ನು ಕರೆಸಿಕೊಂಡಳು. ಹೋಟೆಲ್ ಅವಳೇ ಬುಕ್ ಮಾಡಿದ್ದಾಳೆ, ಶನಿವಾರದವರೆಗೆ. ಒಬ್ಬಳೇ ವಿಮಾನದಲ್ಲಿ ಬಂದದ್ದು ಇದೇ ಮೊದಲು, ಇಳಿದ ಮೇಲೆ ನೆನಪಾಯಿತು.

ಇಲ್ಲಿ ಚಳಿ. ಸ್ವೆಟರ್ ಮರೆತಿದ್ದೇನೆ. ಇಲ್ಲಿಂದ ಕ್ರಾನ್‌ಬರ್ನ್ ಎಷ್ಟು ದೂರವೋ ನೋಡಲಿಲ್ಲ.

ಮೇ 16, ಶುಕ್ರವಾರ

ಬೆಳಿಗ್ಗೆಯಿಂದ ಗಟ್ಟಿಯಾಗಿ ಓದಿದೆ. ಇಂಗ್ಲಿಷಿನಲ್ಲಿ ಒಂದು ಪುಟ, ಅದನ್ನೇ ಫ್ರೆಂಚಿನಲ್ಲಿ ಅವರಿಗೆ. ಒಂಬತ್ತನೆಯ ಅಧ್ಯಾಯ ಬಂತು. ನಾನು ಎರಡು ಪ್ರತಿ ಮಾಡಿಕೊಂಡಿದ್ದೆ. ಒಂದರಲ್ಲಿ ಲ್ಯಾಬಿನ ತಪ್ಪು, ಇನ್ನೊಂದರಲ್ಲಿ ಗಾಜು, ಟರ್ಪೆಂಟೈನ್. ಯಾವುದು ಇರಲಿ ಎಂದು ಕೇಳಿದೆ.

ಲ್ಯಾಬಿನ ತಪ್ಪು ಇರಲಿ ಎಂದರು. ಕ್ಲೇರ್ ಚಹಾ ತರಲು ಒಳಗೆ ಹೋದಾಗ ಸಣ್ಣ ದನಿಯಲ್ಲಿ, “ಇದನ್ನು ಓದುವವರಿಗೆ ಹೇಳಿ ಏನು ಪ್ರಯೋಜನ ಮದಾಂ? ಕೇಳಬೇಕಾದವನೇ ಇಲ್ಲ” ಎಂದರು. ಆಮೇಲೆ ನನ್ನ ಮುಖ ನೋಡಿದರು, ಮೊದಲ ದಿನ ನೋಡಿದ ಹಾಗೆ. ನಾನು ನೋಟ್‌ಬುಕ್ಕಿನ ಕಡೆ ತಿರುಗಲಿಲ್ಲ. ನಿಮಗೆ ಯಾರಿದ್ದಾರೆ ಎಂದು ಕೇಳಿದರು.

ಹೇಳಿಬಿಟ್ಟೆ. ಲಗ್ನಪತ್ರಿಕೆ ಎಂದರೇನು, ಕೆಳಗಿನ ಪಟ್ಟಿ ಎಂದರೇನು ಎಂದು ವಿವರಿಸಬೇಕಾಯಿತು. ಸಿನಿಮಾದ ಹೆಸರುಗಳ ಹಾಗೆ ಎಂದ ಕೂಡಲೇ ಅವರಿಗೆ ತಿಳಿಯಿತು. ತೆಗೆಸಿದವಳು ನಾನು, ಪ್ರಿಂಟರ್ ಅಲ್ಲ ಎಂದೆ. ಫ್ರೆಂಚಿನಲ್ಲಿ ಹೇಳುವುದು ಸುಲಭವಾಯಿತು, ಬೇರೆ ಯಾರದೋ ಬಾಯಿಂದ ಬಂದ ಹಾಗಿತ್ತು. ಆದರೂ ಕಣ್ಣಲ್ಲಿ ನೀರು ಬಂತು.

ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ ಪುಣ್ಯಾತ್ಮ. ಎಲ್ಲಿದ್ದಾಳೆ ಎಂದು ಕೇಳಿದರು. ಕ್ರಾನ್‌ಬರ್ನ್ ಎಂದೆ. ಮಗಳನ್ನು ಕೂಗಿ, ಕ್ರಾನ್‌ಬರ್ನಿಗೆ ಬೆಳಿಗ್ಗೆ ಮೊದಲ ರೈಲು ಎಷ್ಟಕ್ಕೆ, ಎಷ್ಟು ಹೊತ್ತಿನ ದಾರಿ ಎಂದು ವಿಚಾರಿಸಿದರು. ರೀಲು ಸಾಗಿಸಿದ ಮನುಷ್ಯ, ಟೈಮ್‌ಟೇಬಲ್ ಬೇಕೇ ಬೇಕು. ಅವಳು ಫೋನಿನಲ್ಲಿ ನೋಡಿ ಒಂದು ಗಂಟೆಯ ಮೇಲೆ ಸ್ವಲ್ಪ ಎಂದಳು. ತಡ ಮಾಡಬೇಡಿ ಎಂದು ನನ್ನ ಕೈ ತಟ್ಟಿದರು. ಹೊರಡುವಾಗ ಬಾಗಿಲವರೆಗೆ ಕೋಲೂರಿಕೊಂಡು ಬಂದರು, ‘ಮದಾಂ ಮಹಾಶ್ವೇತಾ’ ಎಂದು ಪೂರ್ತಿ ಹೆಸರು ಹೇಳಿ ಬೀಳ್ಕೊಟ್ಟರು. ಇಷ್ಟು ದಿನ ಬರುತ್ತಿತ್ತು ಅಂತಾಯಿತು.

ಹೋಟೆಲಿಗೆ ಬಂದು ಕಾರ್ಡ್ ತೆಗೆದೆ.

ಮೇಲೆ ಬಸವಣ್ಣ, ಕೆಳಗೆ ಮನೆಯ ಚಿತ್ರ, ವಿಳಾಸ, ಮುಹೂರ್ತ ಒಂಬತ್ತೂ ನಲವತ್ತು. ಅದರ ಕೆಳಗೆ ‘ಸುಖಾಗಮನ ಬಯಸುವವರು’. ಮೊದಲ ಸಾಲಿನಲ್ಲಿ: ಶ್ರೀಮತಿ ಮಹಾಶ್ವೇತಾ ಮತ್ತು ಶ್ರೀ ವೀರೇಂದ್ರ. ಎರಡನೆಯದರಲ್ಲಿ: ಪ್ರಣತಿ ಮತ್ತು ಸಂಕೇತ. ಕೊನೆಗೆ: ಜಲಜಾ. ಅಷ್ಟೇ ಹೆಸರು. ಅಂಚಿನಲ್ಲಿ ಸಣ್ಣದಾಗಿ ಧಾರವಾಡದ ಸಿದ್ದಣ್ಣನ ಪ್ರೆಸ್ಸು.

ಎರಡು ವಾರದಿಂದ ಕಾರ್ಡ್ ಬರಲಿಲ್ಲ ಎಂದು ಉರಿದುಕೊಂಡೆನಲ್ಲ. ಮನೆಯವರಿಗೆ ಯಾರಾದರೂ ಆಮಂತ್ರಣ ಕಳಿಸುತ್ತಾರೆಯೇ?

ವೀರೇಂದ್ರರಿಗೆ ಫೋನ್ ಮಾಡಿದೆ. “ತಗದಿ ಏನ ಕಡೀಕ?” ಎಂದರು. ಅವರದೂ ಮಕ್ಕಳದೂ ನಾಳೆ ಬೆಳಗಿನ ಆರು ಗಂಟೆಯ ವಿಮಾನದ ಟಿಕೆಟ್, ಸಂಕೇತ ಕಾರ್ಡ್ ತೋರಿಸಿದ ದಿನವೇ ಬುಕ್ ಆಗಿದೆಯಂತೆ.

ಮೇ 18, ಭಾನುವಾರ
ಕ್ರಾನ್‌ಬರ್ನ್

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಕಾಲು ನೋಯುತ್ತಿದೆ.

ಮೊದಲ ರೈಲಿಗೇ ಹೋದೆ. ಏಳೂವರೆಗೆ ಬಾಗಿಲು ತಟ್ಟಿದರೆ ತೆರೆದೇ ಇತ್ತು. ಹೊಸ ಬಣ್ಣದ ವಾಸನೆ. ಜಲಜಾ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಕೋಸಂಬರಿಗೆ ಸೌತೆಕಾಯಿ ಕೊಚ್ಚುತ್ತಿದ್ದಳು. ಕೂದಲು ಬೆಳ್ಳಗಾಗಿದೆ. ನನ್ನನ್ನು ನೋಡಿ, ಬಂದೆಯಾ ಎನ್ನಲಿಲ್ಲ, ಇನ್ನೊಂದು ಚಾಕು ನನ್ನ ಕಡೆ ತಳ್ಳಿದಳು. ಕೂತೆ. ಇಬ್ಬರೂ ಒಂದೊಂದು ಸೌತೆಕಾಯಿ ಕೊಚ್ಚಿದೆವು. ಇನ್ನೂ ತಡ ಮಾಡಿದರೆ ಜನ ಬರುತ್ತಾರೆ ಎಂದುಕೊಂಡು ಹೇಳಿಬಿಟ್ಟೆ.

“ಜಲಜಾ, ಆ ಕಾರ್ಡಿನಾಗ ಸಿದ್ದಣ್ಣಂದು ತಪ್ಪಿರಲಿಲ್ಲ. ನಿನ್ನ ಹೆಸರು ನಾನ ತೆಗಿಸಿದ್ದೆ.”

ಅವಳು ಕೊಚ್ಚುವುದು ನಿಲ್ಲಿಸಲಿಲ್ಲ. “ಗೊತ್ತೈತಿ” ಎಂದಳು. “ಅವತ್ತ ಸಿದ್ದಣ್ಣ ನನಗ ಫೋನ್ ಮಾಡಿದ್ದ. ನಿಮ್ಮಕ್ಕ ಗೀಟು ಹಾಕಿ ಕಳಿಸ್ಯಾಳ, ತೆಗೀಲೇನವ್ವಾ ಅಂತ ಕೇಳಿದ. ತೆಗಿಯಪ್ಪಾ ಅಂದೆ.”

ನಾನು ಸುಳ್ಳು ಹೇಳಲು ಫೋನ್ ಮಾಡುವ ಮೊದಲೇ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮದುವೆಗೆ ಬಂದು ಕೋಸಂಬರಿ ಪಾತ್ರೆ ಹಿಡಿದು ನಿಂತಿದ್ದಳು. ಹಾಗಾದರೆ ಎರಡು ವರ್ಷ ಯಾಕೆ ಸುಮ್ಮನಿದ್ದೆ, ಒಂದು ಸಲ ಬಯ್ಯಬಾರದಿತ್ತೇ ಎಂದು ಕೇಳಿದೆ.

“ನೀ ಹೇಳ್ತಿ ಅಂತ ಕಾದೆ ಅಕ್ಕಾ” ಎಂದಳು. ಆಮೇಲೆ ಕಣ್ಣು ಒರೆಸಿಕೊಂಡಳು, ಹಸಿಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ. ಉರಿಯಿತು. ನಾನು ಅವಳನ್ನು ಸಿಂಕಿನ ಹತ್ತಿರ ಎಳೆದುಕೊಂಡು ಹೋಗಿ ಕಣ್ಣಿಗೆ ತಣ್ಣೀರು ಹಾಕಿದೆ. ಇಬ್ಬರೂ ಅತ್ತೆವು, ಯಾವುದು ಖಾರಕ್ಕೆ ಯಾವುದು ಯಾತಕ್ಕೆ ಎಂದು ಹೇಳಲು ಬರುವ ಹಾಗಿರಲಿಲ್ಲ. ಅಷ್ಟರಲ್ಲಿ ಪೂಜೆ ಮಾಡಿಸುವ ಅಯ್ಯನವರು ಬಂದು ಬಾಗಿಲಲ್ಲಿ ಕೆಮ್ಮಿದರು.

ಆಮೇಲೆ ಪುರುಸೊತ್ತೇ ಇಲ್ಲ. ವೀರೇಂದ್ರ ಮತ್ತು ಮಕ್ಕಳು ಬಂದರು. ಹಾಲು ಉಕ್ಕಿತು. ನೂರಾಹತ್ತು ಜನ. ನಾನು ಬಾಗಿಲಲ್ಲಿ ಅರಿಶಿನ ಕುಂಕುಮ ಹಿಡಿದು ನಿಂತು ಬನ್ನಿ ಬನ್ನಿ ಎಂದೆ. ಗುರುತಿಲ್ಲದ ಒಬ್ಬಾಕೆ ನೀವು ಯಾರು ಎಂದು ಕೇಳಿದಳು, ಜಲಜಾಳ ಅಕ್ಕ ಎಂದೆ. ಮಧ್ಯಾಹ್ನ ಬಡಿಸಿದೆವು, ನಾನು ಹೋಳಿಗೆ, ಅವಳು ತುಪ್ಪ, ಸಂಕೇತ ನೀರು. ನಿವೇದಿತಾಳನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದೆ, ಅತಿಥಿ ಅವಳು.

ನಾಲ್ಕು ಗಂಟೆಗೆ ಎಲ್ಲರೂ ಹೋದ ಮೇಲೆ ಅಡುಗೆಮನೆಯ ನೆಲದ ಮೇಲೆ ಇಬ್ಬರೂ ತಟ್ಟೆ ಹಾಕಿಕೊಂಡೆವು. ಹೋಳಿಗೆ ಮುಗಿದಿತ್ತು, ಸಾರಿನ ತಳದಲ್ಲಿ ಬರೀ ಕರಿಬೇವು. ಉಳಿದದ್ದು ಅನ್ನ, ಮೊಸರು, ಒಂದು ಹಿಡಿ ಕೋಸಂಬರಿ. ಜಲಜಾ ಪಾತ್ರೆ ಬಗ್ಗಿಸಿ ನೋಡಿ, ನಿನಗೇನೂ ಉಳಿಯಲಿಲ್ಲವಲ್ಲಕ್ಕ ಎಂದು ಪೇಚಾಡಿದಳು.

ಕೋಸಂಬರಿ ಇಬ್ಬರಿಗೂ ಅರ್ಧ ಅರ್ಧ ಹಾಕಿದೆ. ಕೊನೆಗೆ ಉಣ್ಣುವ ಮನೆಯವರಿಗೆ ಇಷ್ಟೇ ಉಳಿಯುವುದು.